ಮರದಿಂದ ಬಿದ್ದವರನ್ನು ಎತ್ತುವ ಮುಂಚೆ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ಹೋದ ಮಳೆಗಾಲದಲ್ಲಿ ಪಕ್ಕದ ತೋಟದಲ್ಲಿ ಮದ್ದು ಹೊಡೆಯಲು ಮರ ಹತ್ತಿದ್ದವರೊಬ್ಬರು ಜಾರಿ ಬಿದ್ದರು. ಕೂಗು ಕೇಳಿ ಓಡಿದೆ. ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು, ನಾನೇ ನೋಡಿದೆ. ಆಂಬುಲೆನ್ಸ್‌ಗೆ ಫೋನ್ ಮಾಡೋಣ ಅಂದರೆ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಇಬ್ಬರು ರಟ್ಟೆ ಹಿಡಿದೆವು, ಇಬ್ಬರು ಕಾಲು. ಹಳ್ಳದ ಸಂಕ ದಾಟಿಸಿ ಜೀಪಿನಲ್ಲಿ ಕೂರಿಸಿದೆವು. ಹೌದು, ಕೂರಿಸಿದೆವು! ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಬೆರಳು ಸುಮ್ಮನಾಗಿತ್ತು.

ಎತ್ತಿದ್ದರಿಂದಲೇ ಹೀಗಾಯಿತಾ ಅಂತ ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳೋಕಾಗಲ್ಲ ಅಂದರು. ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಬೆನ್ನುಹುರಿ ಹೆಚ್ಚುಕಡಿಮೆ ಕಿರುಬೆರಳಿನಷ್ಟೇ ದಪ್ಪ. ಬಿದ್ದಾಗ ಹಗ್ಗದ ಹಾಗೆ ತುಂಡಾಗುತ್ತದೆ ಅಂದುಕೊಂಡಿದ್ದೆ. ಹೆಚ್ಚಿನ ಸಲ ಹಾಗಲ್ಲವಂತೆ. ಮುರಿದ ಅಥವಾ ಜಾರಿದ ಮೂಳೆ ಅದನ್ನು ಅಮುಕಿ ಜಜ್ಜುತ್ತದೆ. ಇದು ಮೊದಲ ಪೆಟ್ಟು; ಎತ್ತಿ ಬಗ್ಗಿಸಿದರೆ ಆ ಮೂಳೆ ಇನ್ನಷ್ಟು ಅಮುಕಬಹುದು. ಎರಡನೆಯದು ನಿಧಾನ. ಜಜ್ಜಿದಲ್ಲಿ ರಕ್ತ ಒಸರಿ ಊತ ಬರುತ್ತದೆ. ಸುತ್ತ ಮೂಳೆಯ ಕೊಳವೆ, ಊದಲು ಜಾಗವೆಲ್ಲಿ? ರಕ್ತದ ಓಡಾಟ ಕಮ್ಮಿಯಾಗಿ, ಪೆಟ್ಟೇ ಬೀಳದ ಅಕ್ಕಪಕ್ಕದ ನರಕೋಶಗಳೂ ಗಂಟೆಗಟ್ಟಲೆ, ದಿನಗಟ್ಟಲೆ ಸಾಯುತ್ತಾ ಹೋಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಬೆನ್ನುಹುರಿ ಹಾಗೆ ಕೂಡುವುದಿಲ್ಲ. ಪೆಟ್ಟು ಕುತ್ತಿಗೆಗಾದರೆ ಕೈಕಾಲು ನಾಲ್ಕೂ ಹೋಗಬಹುದು, ಇನ್ನೂ ಮೇಲಾದರೆ ಉಸಿರೂ.

ಇವರಿಗೆ ಪೆಟ್ಟಾಗಿದ್ದು ಸೊಂಟಕ್ಕಿಂತ ಸ್ವಲ್ಪ ಮೇಲೆ. ಬೆನ್ನಿಗೆ ಹುಣ್ಣಾಗಬಾರದಲ್ಲ, ಹೆಂಡತಿ ಎರಡು ಗಂಟೆಗೊಮ್ಮೆ ಅಲಾರಾಂ ಇಟ್ಟು ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾರೆ. ಮೂತ್ರಕ್ಕೆ ನಳಿಕೆ.

ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆ, ನಿಜ. ಆದರೂ ಮರ ಹತ್ತುವವರು ಹತ್ತುತ್ತಲೇ ಇದ್ದಾರೆ. ಬಿದ್ದವರ ಹತ್ತಿರ ಮೊದಲು ಓಡುವವರು ನಾವು, ನಿಮ್ಮ ಡಾಕ್ಟರಲ್ಲ. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ನಿಮ್ಮ ಇಲಾಖೆಯಿಂದ ಒಬ್ಬರನ್ನು ಕಳಿಸಿ. ಆಂಬುಲೆನ್ಸ್ ಬರುವಂತಿದ್ದರೆ ಬಿದ್ದವರನ್ನು ಅಲುಗಾಡಿಸದೆ ಕಾಯಬೇಕು ಅಂತ ಹೇಳಲಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿಟ್ಟು ದಿಮ್ಮಿಯ ಹಾಗೆ ಹೊರಳಿಸುವುದನ್ನು ನಮ್ಮ ಕೈಯಲ್ಲೇ ಮಾಡಿಸಲಿ. ಊರಿಗೊಂದು ಗಟ್ಟಿ ಸ್ಟ್ರೆಚರ್, ಕಟ್ಟಲು ಪಟ್ಟಿ ಕೊಡಿ. ಸೊಸೈಟಿಯಲ್ಲಿ ಇಟ್ಟುಕೊಳ್ಳುತ್ತೇವೆ. ಬೀಗದ ಕೈ ಎಲ್ಲಿರುತ್ತದೆ ಅಂತ ಊರಿಗೆಲ್ಲ ಗೊತ್ತು.

ದೀಪಾವಳಿ ಆಸುಪಾಸಿಗೆ ಕೊಯ್ಲು ಜೋರಾಗುತ್ತದೆ. ಅಷ್ಟರೊಳಗೆ ಬಂದರೆ ಒಳ್ಳೆಯದು. ಬಂದವರ ಊಟ ನಮ್ಮನೆಯಲ್ಲೇ.

ಇಂತಿ,
ಕಾಲು ಹಿಡಿದವರಲ್ಲಿ ಒಬ್ಬ