ಆಶಾ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಇರಲಿ

ಮಾನ್ಯರೇ,

30 ವರ್ಷ ದಾಟಿದವರ ಮನೆಗೆ ಬಂದು ಆಶಾ ಕಾರ್ಯಕರ್ತೆಯರು ತುಂಬಿಸಿಕೊಳ್ಳುವ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯಲ್ಲಿ, ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬೆರೆತ ಸ್ರಾವವಿದೆಯೇ, ಆಕಾರ ಬದಲಾಗಿದೆಯೇ ಎಂದು ಕೇಳಲಾಗುತ್ತದೆ. ನನ್ನ ಅಕ್ಕ ಮೂರಕ್ಕೂ ‘ಇಲ್ಲ’ ಎಂದಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಅವಳ ರವಿಕೆಯ ಎಡಭಾಗದಲ್ಲಿ, ದಿನವೂ ಅದೇ ಜಾಗದಲ್ಲಿ, ರೂಪಾಯಿ ನಾಣ್ಯದಗಲದ ತಿಳಿಹಳದಿ ಕಲೆ ಮೂಡುತ್ತಿತ್ತು. ಒಗ್ಗರಣೆಯ ಅರಿಸಿನ ಸಿಡಿದಿರಬೇಕೆಂದು ಎಂಟು ತಿಂಗಳು ಸೋಪು ಹಚ್ಚಿ ಉಜ್ಜಿದಳು.

ತೊಟ್ಟಿನ ಸ್ರಾವವೆಲ್ಲ ಕ್ಯಾನ್ಸರಿನ ಗುರುತಲ್ಲ. ಎರಡೂ ಕಡೆ, ಹಲವು ರಂಧ್ರಗಳಿಂದ ಬರುವ ಹಾಲಿನಂಥ ಸ್ರಾವಕ್ಕೆ ಹಾರ್ಮೋನಿನ ಏರುಪೇರು, ಥೈರಾಯ್ಡ್ ಕೊರತೆ ಇಲ್ಲವೇ ವಾಂತಿಗೆಂದು ನುಂಗುವ ಡೊಂಪೆರಿಡೋನ್‌ನಂಥ ಮಾತ್ರೆ ಕಾರಣವಾಗಿರಬಹುದು. ಹಿಂಡದೆ, ತಾನಾಗಿಯೇ, ಒಂದೇ ಕಡೆ, ಒಂದೇ ರಂಧ್ರದಿಂದ ಒಸರುವುದು ಮಾತ್ರ ಬೇರೆಯದೇ ಲೆಕ್ಕ. ಅದು ರಕ್ತವಾಗಿರಲಿ, ನೀರಿನಂತೆ ತಿಳಿಯಾಗಿರಲಿ, ತಪಾಸಣೆ ಆಗಲೇಬೇಕು. ಅಲ್ಲಿಯೂ ಹೆಚ್ಚಾಗಿ ಸಿಗುವುದು ಹಾಲುನಾಳದೊಳಗಿನ ಪ್ಯಾಪಿಲೋಮ ಎಂಬ ನಿರಪಾಯದ ಬೆಳವಣಿಗೆಯೇ. ವಯಸ್ಸು ಏರಿದಷ್ಟೂ, ಜೊತೆಗೆ ಗಂಟೂ ಇದ್ದರೆ, ಕ್ಯಾನ್ಸರಿನ ಸಾಧ್ಯತೆ ಹೆಚ್ಚು. (ಗಂಡಸರಲ್ಲಿ ಇಂಥ ಸ್ರಾವ ಕಂಡರಂತೂ ತಡಮಾಡುವಂತೆಯೇ ಇಲ್ಲ.)

ಅಕ್ಕ ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಸ್ರಾವದ ಹನಿಯನ್ನು ಗಾಜಿನ ಸ್ಲೈಡಿಗೆ ಸವರಿ, ಕ್ಯಾನ್ಸರ್ ಕೋಶಗಳಿಲ್ಲ ಎಂಬ ವರದಿ ಕೊಟ್ಟು ಮನೆಗೆ ಕಳುಹಿಸಿದರು. ಹನಿಯಲ್ಲಿ ಕೋಶ ಕಾಣಲಿಲ್ಲವೆಂದ ಮಾತ್ರಕ್ಕೆ ನಾಳದಲ್ಲಿ ಕ್ಯಾನ್ಸರ್ ಇಲ್ಲವೆಂದಾಗುವುದಿಲ್ಲ. ಬೇರೊಬ್ಬ ಶಸ್ತ್ರವೈದ್ಯರು ಮ್ಯಾಮೊಗ್ರಾಮ್ ಮಾಡಿಸಿದಾಗ ಅದರಲ್ಲೂ ಏನೂ ಕಾಣಲಿಲ್ಲ. ತೊಟ್ಟಿನ ಹಿಂಬದಿಯನ್ನೇ ಗುರಿಯಾಗಿಟ್ಟು ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಹಿಗ್ಗಿದ ನಾಳವೂ ಅದರೊಳಗೊಂದು ಸಣ್ಣ ಚುಕ್ಕೆಯೂ ಕಂಡವು. ಅದು ಪ್ಯಾಪಿಲೋಮ ಎಂದು ಖಚಿತವಾದದ್ದು ಆ ನಾಳವನ್ನು ತೆಗೆದು ಪರೀಕ್ಷಿಸಿದ ಮೇಲೆಯೇ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿಯಿಷ್ಟೆ: ಪಟ್ಟಿಯಲ್ಲಿ ‘ರಕ್ತ ಬೆರೆತ’ ಎಂಬುದರ ಪಕ್ಕದಲ್ಲಿ ‘ಅಥವಾ ನೀರಿನಂಥ’ ಎಂದು ಸೇರಿಸಲಿ. ‘ಸ್ರಾವ’ ಎಂದೊಡನೆ ಬಿಳಿಸೆರಗು ಎಂದುಕೊಂಡು ತಲೆ ತಗ್ಗಿಸುವವರೇ ನಮ್ಮಲ್ಲಿ ಹೆಚ್ಚು. ಅದರ ಬದಲು ‘ರವಿಕೆಗೆ ಒಂದೇ ಕಡೆ ಕಲೆಯಾಗುತ್ತದೆಯೇ?’ ಎಂದು ಆಶಾ ಕಾರ್ಯಕರ್ತೆ ಕೇಳಿದ್ದರೆ ನನ್ನಕ್ಕ ಅಂದೇ ಹೌದೆನ್ನುತ್ತಿದ್ದಳು.

– ಓದುಗರೊಬ್ಬರು, ಹಾಸನ