ಆದೇಶ ಕೈಗೆ ಬಂತು, ಹಣ ಬರಲಿಲ್ಲ

ಮಾನ್ಯ ಸಂಪಾದಕರೇ,

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ದೂರು ಕೊಡುವುದು ನಿಜಕ್ಕೂ ಸುಲಭವಾಗಿದೆ. ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ತೊಡಕೆಲ್ಲ ಆಮೇಲಿನದು. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು ಎನ್ನುತ್ತದೆ 38ನೇ ಕಲಂ. ಆದರೆ ಈ ಎಣಿಕೆ ಶುರುವಾಗುವುದು ಎದುರುದಾರರಿಗೆ, ಅಂದರೆ ಯಾರ ಮೇಲೆ ದೂರಿದೆಯೋ ಅವರಿಗೆ, ನೋಟಿಸ್ ತಲುಪಿದ ದಿನದಿಂದ. ಬಿಲ್ಲಿನಲ್ಲಿದ್ದ ಮಳಿಗೆ ವಿಳಾಸಕ್ಕೆ ಹೋದ ನೋಟಿಸು ‘ವಿಳಾಸದಾರರಿಲ್ಲ’ ಎಂಬ ಷರಾದೊಂದಿಗೆ ವಾಪಸಾದರೆ ಮತ್ತೊಂದು ವಾಯಿದೆ (ವಿಚಾರಣೆಯ ದಿನ) ಖಚಿತ. ಕಂಪನಿಯಾಗಿದ್ದರೆ ಅದರ ನೋಂದಾಯಿತ ಕಚೇರಿಯ ವಿಳಾಸವನ್ನೂ ದೂರಿನಲ್ಲೇ ಕೊಡಿ. ಎದುರುದಾರರ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಅದರಾಚೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲೇ ಹೇಳಿದೆ. ತಡವಾಗಿ ಬಂದ ಉತ್ತರಕ್ಕೆ ದೂರುದಾರರು ಅಂದೇ ಲಿಖಿತ ಆಕ್ಷೇಪ ಸಲ್ಲಿಸಬೇಕು.

ಗೆದ್ದವರ ಪಾಡು ಇನ್ನೂ ಕಷ್ಟದ್ದು. ಆದೇಶದ ವಿರುದ್ಧ 45 ದಿನದೊಳಗೆ ಮೇಲ್ಮನವಿ ಹೋಗುವವರು ಅರ್ಧ ಮೊತ್ತ ಠೇವಣಿ ಇಡಬೇಕು. ಹಾಗಾಗಿ ಮೇಲ್ಮನವಿಗೂ ಹೋಗದೆ, ಹಣವನ್ನೂ ಕಟ್ಟದೆ ಸುಮ್ಮನೆ ಕೂರುವವರಿದ್ದಾರೆ. ಅವರ ವಿರುದ್ಧ ಪ್ರತ್ಯೇಕವಾಗಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಬೇಕು. 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25 ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಎಲ್ಲರೂ ಇದರ ಬೆನ್ನು ಹತ್ತುತ್ತಾರೆ. ಆದರೆ ವಾರಂಟ್ ಜಾರಿಯಾಗದೆ ಪೊಲೀಸ್ ಠಾಣೆಯಿಂದ ಮರಳಿದರೆ ಪ್ರಕರಣ ಅಲ್ಲೇ ಕೊಳೆಯುತ್ತದೆ; ದಂಡ ಕಟ್ಟಿದರೂ ಅದು ಗ್ರಾಹಕರ ಕೈಗೆ ಬರುವ ದುಡ್ಡಲ್ಲ.

ದುಡ್ಡು ಬರುವ ದಾರಿ 71ನೇ ಕಲಂ. ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ (ತೀರ್ಪಿನ ಆಜ್ಞೆಯಂತೆಯೇ) ಬ್ಯಾಂಕ್ ಖಾತೆ, ಆಸ್ತಿ ಜಪ್ತಿ ಮಾಡಿಸಬಹುದು. ಆದರೆ ಯಾವ ಖಾತೆ, ಯಾವ ಶಾಖೆ ಎಂದು ದೂರುದಾರರೇ ತೋರಿಸಬೇಕಾಗುತ್ತದೆ. ಆದ್ದರಿಂದ ಬಿಲ್ಲಿನ ಜಿಎಸ್‌ಟಿ ಸಂಖ್ಯೆ, ನೀವು ಹಣ ಕಳಿಸಿದ ಅವರ ಖಾತೆಯ ವಿವರ, ಚೆಕ್ಕಿನ ಪ್ರತಿ ಮೊದಲ ದಿನದಿಂದಲೇ ಕಡತದಲ್ಲಿರಲಿ. ಏನೂ ಸಿಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ (ಅಂದರೆ ಅಧ್ಯಾಯದ) 41ನೇ ನಿಯಮವಿದೆ: ಆಸ್ತಿ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೊಡುವಂತೆ ಎದುರುದಾರರಿಗೇ ಆಯೋಗ ಸೂಚಿಸಬಹುದು. ಧಿಕ್ಕರಿಸಿದರೆ ಮೂರು ತಿಂಗಳವರೆಗೆ ಸಿವಿಲ್ ಬಂಧನ. ಇಷ್ಟು ಬಲವಾದ ಅಸ್ತ್ರವನ್ನು ಸಾಮಾನ್ಯ ದೂರುದಾರ ಕೇಳಿಯೂ ಇರುವುದಿಲ್ಲ ಎನ್ನುವುದೇ ನಮ್ಮ ಸಂಕಟ.

ಆಯೋಗಗಳು ಆ ಪ್ರಮಾಣಪತ್ರವನ್ನು ಅಮಲ್ಜಾರಿ ಅರ್ಜಿಯ ಮೊದಲ ವಾಯಿದೆಯಲ್ಲೇ ಕೇಳಲಿ. ಅದರ ನಮೂನೆಯನ್ನು ಕನ್ನಡದಲ್ಲಿ ಮುದ್ರಿಸಿ ಆದೇಶದ ಪ್ರತಿಯೊಂದಿಗೇ ಗೆದ್ದವರ ಕೈಗೆ ಕೊಡಲಿ.