ಪೂರ್ತಿ ತೊಂಬತ್ತು ನಿಮಿಷ ಆಡಿಸಿದ ನಿಮಗೆಲ್ಲ

ಕಳೆದ ಭಾನುವಾರದ ಫುಟ್‌ಬಾಲ್ ಲೀಗ್ ಪಂದ್ಯದಲ್ಲಿ ಮೊದಲ ವಿಸಿಲ್‌ನಿಂದ ಕೊನೆಯ ವಿಸಿಲ್‌ವರೆಗೂ ನಾನು ಮೈದಾನದಲ್ಲಿದ್ದೆ. ಮಂಡಿಯ ಎಸಿಎಲ್ ಹರಿದು ಆಪರೇಷನ್ ಆದ ಮೇಲೆ ಇದೇ ಮೊದಲ ಪೂರ್ತಿ ಪಂದ್ಯ. ಸೋತೆವು, ಆ ಮಾತು ಬೇರೆ. ಅವತ್ತಿನಿಂದ ಬರುತ್ತಿರುವ ಮೆಸೇಜುಗಳಿಗೆ ‘ಥ್ಯಾಂಕ್ಸ್’ ಅಂತ ಒಂದೇ ಪದ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಫಿಸಿಯೊ ಅಕ್ಕನಿಗೆ. ಮಂಡಿಯೊಳಗೆ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡನ್ನೂ ಹಿಡಿದಿಡುವ ಸಣ್ಣ ಪಟ್ಟಿ ಈ ಎಸಿಎಲ್. ಓಡುತ್ತಾ ಫಕ್ಕನೆ ತಿರುಗಿದರೆ ಸಾಕು, ಯಾರೂ ಮುಟ್ಟದೆಯೂ ಹರಿಯುತ್ತದೆ. ಫುಟ್‌ಬಾಲ್ ಆಡುವ ಹೆಂಗಸರಿಗೆ ಈ ಗಾಯ ಗಂಡಸರಿಗಿಂತ ಜಾಸ್ತಿ ಆಗುತ್ತದೆ. ಡಾಕ್ಟರು ನನ್ನದೇ ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಅಲ್ಲಿ ಕೂರಿಸಿದರು. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಕಾಲನ್ನು ನೆಟ್ಟಗೆ ಚಾಚಬೇಕು. ಸೊರಗಿಹೋದ ತೊಡೆ ಮತ್ತೆ ತುಂಬಬೇಕು. ಒಂಟಿ ಕಾಲಲ್ಲಿ ಹಾರಿದರೆ ಎರಡೂ ಕಾಲು ಹೆಚ್ಚುಕಮ್ಮಿ ಒಂದೇ ದೂರ ಹೋಗಬೇಕು. ಆರು ತಿಂಗಳಾಗುವಷ್ಟರಲ್ಲಿ ನೋವೇ ಇರುವುದಿಲ್ಲ, ‘ಇನ್ನೇನು, ಆಡಬಹುದು’ ಅನ್ನಿಸುತ್ತದೆ. ಅಕ್ಕ ಮಾತ್ರ ಬಿಡಲಿಲ್ಲ. ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕಿಳಿದವರ ಮಂಡಿ ಮತ್ತೆ ಕೈಕೊಡುವುದು ಹೆಚ್ಚು ಅಂತ ಪ್ರತಿ ಸಲವೂ ಸಮಾಧಾನವಾಗಿ ಹೇಳಿದರು. ಅಕ್ಕಾ, ನಾನು ಮುಖ ಊದಿಸಿಕೊಂಡು ಬಂದ ದಿನಗಳಲ್ಲೂ ನೀವು ಒಂದು ಸಲವೂ ದನಿ ಏರಿಸಲಿಲ್ಲ. ಅದನ್ನು ಮರೆಯಲ್ಲ.

ಅಮ್ಮನ ಬಗ್ಗೆ ಜಾಸ್ತಿ ಬರೆದರೆ ಅವಳಿಗೆ ಇಷ್ಟವಾಗುವುದಿಲ್ಲ. ನೆಂಟರೆಲ್ಲ ‘ಮೂವತ್ತೈದು ದಾಟಿತು, ಇನ್ನೂ ಯಾಕಮ್ಮಾ ಈ ಆಟ’ ಅಂತ ಕೇಳಿದಾಗ ಅವಳು ‘ಅವಳಿಗೆ ಬೇಕು’ ಅಂತ ಮಾತ್ರ ಹೇಳಿದಳು. ನನಗೆ ಅಷ್ಟು ಸಾಕಾಗಿತ್ತು.

ಆ ಪ್ರಶ್ನೆಗೆ ನನ್ನ ಮನಸ್ಸಿನಲ್ಲಿದ್ದ ಉತ್ತರ ಬೇರೆ: ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ್ತಿ ಫೊರ್ಮಿಗಾ. ಈ ಕನ್ನಡ ಬರಹ ಆಕೆಗೆ ತಲುಪುವುದಿಲ್ಲ ಅಂತ ಗೊತ್ತು. ಆದರೂ ಆಕೆಗೆ ಕೃತಜ್ಞತೆ ಹೇಳದಿದ್ದರೆ ಇದು ಅರ್ಧ ಬರಹವೇ.

ನಾನು ಚೆಂಡು ಒದೆಯಲು ಕಲಿತದ್ದು ಬೆಂಗಳೂರಿನ ಗೌತಮಪುರದಲ್ಲಿ. ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಬ್ರೆಜಿಲ್ ಆಡುತ್ತಿದ್ದರೆ ಇಡೀ ಬೀದಿ ಎದ್ದು ಕೂರುತ್ತದೆ. ಆ ಬ್ರೆಜಿಲ್‌ನಲ್ಲೇ 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡದಂತೆ ಕಾನೂನಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಫೊರ್ಮಿಗಾ ಸಾಲ್ವಡೋರ್ ನಗರದಲ್ಲಿ ಹುಟ್ಟಿದ್ದು 1978ರಲ್ಲಿ. ಅಂದ್ರೆ ಆಕೆ ಹುಟ್ಟಿದಾಗ ಆ ನಿಷೇಧ ಇನ್ನೂ ಜಾರಿಯಲ್ಲಿತ್ತು. ಅಂಥ ಹುಡುಗಿ 1995ರಿಂದ 2019ರವರೆಗೆ 7 ವಿಶ್ವಕಪ್ ಆಡಿದರು. ಗಂಡಸರನ್ನೂ ಸೇರಿಸಿ ನೋಡಿದರೂ ಆಗ ಅಷ್ಟು ವಿಶ್ವಕಪ್ ಆಡಿದವರು ಬೇರೆ ಯಾರೂ ಇರಲಿಲ್ಲ. ಒಲಿಂಪಿಕ್ಸ್‌ಗೆ ಮಹಿಳಾ ಫುಟ್‌ಬಾಲ್ ಬಂದ 1996ರಿಂದ ಟೋಕಿಯೊವರೆಗೆ ಒಂದನ್ನೂ ಬಿಡದೆ ಏಳರಲ್ಲೂ ಆಡಿದರು.

ಜನ ಅದೇ ಬ್ರೆಜಿಲ್ ತಂಡದ ಮಾರ್ತಾ ಗೋಲುಗಳನ್ನು ನೆನಪಿಟ್ಟುಕೊಂಡರು, ಅದರಲ್ಲಿ ತಪ್ಪೇನಿಲ್ಲ. ನಾನು ನೋಡುತ್ತಿದ್ದದ್ದು ಮಾರ್ತಾ ಹಿಂದೆ ನಿಂತವರನ್ನು. ಚೆಂಡು ಕಳೆದುಹೋದ ಕ್ಷಣದಲ್ಲಿ ಮಿಡ್‌ಫೀಲ್ಡರ್ ಎಲ್ಲಿರಬೇಕೋ ಫೊರ್ಮಿಗಾ ಅಲ್ಲೇ ಇರುತ್ತಿದ್ದರು. 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಆಕೆ ಹೊಡೆದ ಗೋಲನ್ನು ನೋಡಿ. ಕೊರಿಯಾದ ಆಟಗಾರ್ತಿ ತಮ್ಮ ಗೋಲ್‌ಕೀಪರ್ ಕಡೆಗೆ ಹಿಂದಕ್ಕೆ ಕೊಟ್ಟ ಪಾಸ್ ಅದು. ಅದನ್ನು ಮೊದಲೇ ಊಹಿಸಿ ಓಡಿಬಂದವರು 37 ವರ್ಷದ ಫೊರ್ಮಿಗಾ. ಆ ಓಟಕ್ಕೆ ಕಾಲಿಗಿಂತ ತಲೆ ಮುಖ್ಯ. ಮಂಡಿಗೆ ಬ್ರೇಸ್ ಹಾಕಿಕೊಂಡು ಮಂಚದ ಮೇಲಿದ್ದಾಗ ನಾನು ಆ ಗೋಲನ್ನು ಮತ್ತೆ ಮತ್ತೆ ನೋಡಿದೆ. ಮೊದಲಿನ ವೇಗ ಬರದೆ ಹೋದರೂ ನನ್ನ ಜಾಗ ನನಗಿದೆ ಅನ್ನುವ ಧೈರ್ಯ ಬಂದದ್ದು ಅಲ್ಲಿಂದಲೇ.

2016ರಲ್ಲಿ ಆಕೆ ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ತಂಡ ಮತ್ತೆ ಕರೆದಾಗ 2018ರಲ್ಲಿ ಹಿಂತಿರುಗಿದರು, ಮರುವರ್ಷ 41ನೇ ವಯಸ್ಸಿನಲ್ಲಿ ವಿಶ್ವಕಪ್ ಆಡಿದರು. ಬ್ರೆಜಿಲ್ ಪರ ಕೊನೆಯ ಪಂದ್ಯ 2021ರ ನವೆಂಬರ್‌ನಲ್ಲಿ, ಅಲ್ಲಿನದೇ ಮನೌಸ್ ನಗರದಲ್ಲಿ. ಎದುರಾಳಿ ಯಾರು ಗೊತ್ತಾ? ನಮ್ಮ ಭಾರತ. 6-1ರಿಂದ ಸೋತೆವು, ಆದರೆ ಆ ಒಂದು ಗೋಲು ಹೊಡೆದ ಮನೀಷಾ ಕಲ್ಯಾಣ್ ಬ್ರೆಜಿಲ್‌ಗೆ ಎಂಟೇ ನಿಮಿಷದಲ್ಲಿ ಉತ್ತರ ಕೊಟ್ಟಿದ್ದರು. ಎರಡನೇ ಅರ್ಧದಲ್ಲಿ ಫೊರ್ಮಿಗಾ ಬದಲಿ ಆಟಗಾರ್ತಿಯಾಗಿ ಇಳಿದರು. ಆಕೆಯ ಕೊನೆಯ ಪಂದ್ಯದಲ್ಲಿ ಎದುರಿಗೆ ನಿಂತು ಆಡಿದವರು ನಮ್ಮ ಹುಡುಗಿಯರು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇನ್ನು ನನ್ನ ತಂಡಕ್ಕೆ. ನಾನಿಲ್ಲದಾಗ ನನ್ನ ಜಾಗದಲ್ಲಿ ಆಡಿದ ಪುಟ್ಟ ಹುಡುಗಿಗೆ ವಿಶೇಷವಾಗಿ. ಪ್ರತಿ ಪಂದ್ಯ ಮುಗಿದ ಮೇಲೆ ವಿಡಿಯೊ ಕಳಿಸಿ ‘ಅಕ್ಕಾ, ಇಲ್ಲಿ ನಾನು ಮುಂದೆ ಹೋಗಬೇಕಿತ್ತಾ, ನಿಲ್ಲಬೇಕಿತ್ತಾ’ ಅಂತ ಕೇಳುತ್ತಿದ್ದಳು. ನನ್ನ ಸಮಾಧಾನಕ್ಕೆ ಅಂತ ಕೇಳಿದ್ದಲ್ಲ ಅದು, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಅವಳಿಗೆ ಉತ್ತರ ಬರೆಯುತ್ತಾ ನಾನು ಆಟದೊಳಗೇ ಉಳಿದೆ. ಈಗ ಅವಳೂ ನಾನೂ ಅಕ್ಕಪಕ್ಕ ಆಡುತ್ತಿದ್ದೇವೆ, ಬಲಗಾಲಿನ ಪಾಸ್ ಅವಳದ್ದೇ ಚೆನ್ನ.

2027ರ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಫೊರ್ಮಿಗಾ ಊರು ಸಾಲ್ವಡೋರ್‌ನಲ್ಲೂ ಪಂದ್ಯಗಳಿವೆ. ನಮಗೆ ಅವು ನಡುರಾತ್ರಿಗೋ ಬೆಳಗಿನ ಜಾವಕ್ಕೋ ಬರುತ್ತವೆ. ಎಲ್ಲರೂ ನಮ್ಮ ಮನೆಗೆ ಬನ್ನಿ, ಒಟ್ಟಿಗೆ ನೋಡೋಣ. ಅಮ್ಮನನ್ನು ಕೇಳಿಯೇ ಕರೆಯುತ್ತಿದ್ದೇನೆ.